ಎಣ್ಣೆ ಚೆಲ್ಲಿದ್ದು ಕೊಚ್ಚಿಯಲ್ಲಿ, ಟ್ರಿಪ್ ಕ್ಯಾನ್ಸಲ್ ಆಗಿದ್ದು ಮಲ್ಪೆಗೆ

ಮೈಸೂರು, ಮಂಡ್ಯದ ಕಡೆಯ ಜನ ಬೀಚಿಗೆ ಅಂತಲೇ ಹೊರಡುವುದು ಕಡಿಮೆ. ದೇವಸ್ಥಾನಕ್ಕೆ ಹೊರಡುತ್ತಾರೆ, ಸಮುದ್ರ ಜೊತೆಗೆ ಸಿಗುತ್ತದೆ. ಕುಕ್ಕೆ, ಧರ್ಮಸ್ಥಳ, ಉಡುಪಿ, ಕೊಲ್ಲೂರು, ಮುರುಡೇಶ್ವರ. ಉಡುಪಿಯಲ್ಲಿ ಕೃಷ್ಣನ ದರ್ಶನ ಮುಗಿಸಿ ಸಂಜೆ ಮಲ್ಪೆಯಲ್ಲಿ ಕಾಲು ನೆನೆಸಿದರೆ ಅವರ ಪಾಲಿಗೆ ಸಮುದ್ರ ನೋಡಿದ ಹಾಗಾಯಿತು. ಹುಡುಗರ ಗುಂಪು ಬೇರೆ. ಅವರು ಗೋಕರ್ಣಕ್ಕೆ ಹೋಗುತ್ತಾರೆ, ಇಲ್ಲವೇ ಗೋಣಿಕೊಪ್ಪ, ವಿರಾಜಪೇಟೆ, ಮಾಕುಟ್ಟದ ಘಾಟಿ ಇಳಿದು ಕಣ್ಣೂರಿಗೆ. ಅಲ್ಲಿ ಮುಳಪ್ಪಿಲಂಗಾಡಿನಲ್ಲಿ ಮರಳಿನ ಮೇಲೇ ಗಾಡಿ ಓಡಿಸಬಹುದು. ನಮ್ಮ ಡ್ರೈವರ್‌ಗಳಿಗೆ ಆ ಜಾಗ ಕಂಡರೆ ಆಗುವುದಿಲ್ಲ. ಉಪ್ಪುನೀರು ಗಾಡಿಯ ಅಡಿಗೆ ಹೊಡೆದರೆ ತುಕ್ಕು ಗ್ಯಾರಂಟಿ.

ನಮ್ಮ ಮನೆಯದು ಟಿಟಿ ವ್ಯವಹಾರ. ಅಂದರೆ ಟೆಂಪೊ ಟ್ರಾವೆಲರ್ ಬಾಡಿಗೆಗೆ ಬಿಡುವುದು. ಅಪ್ಪ ಶುರು ಮಾಡಿದ್ದು, ಈಗ ಬುಕಿಂಗ್ ನಾನು ನೋಡಿಕೊಳ್ಳುತ್ತೇನೆ. ಸಮುದ್ರದಿಂದ ಇಷ್ಟು ದೂರ ಕೂತವನಿಗೆ ಹಡಗು, ಅದರ ಎಂಜಿನ್ ಉರಿಸುವ ಫರ್ನೇಸ್ ಆಯಿಲ್ ಅನ್ನುವ ದಪ್ಪ ಎಣ್ಣೆ ಇವುಗಳ ಸಹವಾಸ ಯಾಕೆ ಅಂದರೆ ಉತ್ತರ ಇದು: 2025ರ ಮೇ, ಜೂನ್‌ನಲ್ಲಿ ನನ್ನ ಫೋನಿಗೆ ಬಂದ ಕರೆಗಳಲ್ಲಿ ಬಹಳಷ್ಟು ಅದರ ಬಗ್ಗೆಯೇ ಇದ್ದವು.

ಆಗಿದ್ದು ಏನು ಅಂತ ಮೊದಲು ಹೇಳಿಬಿಡುತ್ತೇನೆ. ಎಂಎಸ್‌ಸಿ ಎಲ್ಸಾ 3 ಅನ್ನುವ ಲೈಬೀರಿಯಾ ಬಾವುಟದ ಕಂಟೇನರ್ ಹಡಗು ವಿಳಿಂಜಂನಿಂದ ಕೊಚ್ಚಿಗೆ ಹೊರಟಿತ್ತು. ಮೇ 24ರಂದು ಒಂದು ಕಡೆಗೆ ವಾಲಿತು, 25ರಂದು ಮುಳುಗಿತು. ಕೊಚ್ಚಿಯಿಂದ ಸುಮಾರು 38 ನಾಟಿಕಲ್ ಮೈಲಿ ದೂರದಲ್ಲಿ. 24 ಸಿಬ್ಬಂದಿಯೂ ಬದುಕಿದರು. ಹಡಗಿನಲ್ಲಿದ್ದ 640ರಷ್ಟು ಕಂಟೇನರ್‌ಗಳ ಪೈಕಿ 13ರಲ್ಲಿ ಅಪಾಯದ ಸರಕು ಇತ್ತು, ಅದರಲ್ಲಿ 12 ಕ್ಯಾಲ್ಸಿಯಂ ಕಾರ್ಬೈಡ್. ಟ್ಯಾಂಕಿನಲ್ಲಿ 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್. ಇದರ ಬಿಸಿ ಆರುವ ಮೊದಲೇ ಜೂನ್ 9ಕ್ಕೆ ವಾನ್ ಹಾಯ್ 503 ಅನ್ನುವ ಇನ್ನೊಂದು ಹಡಗಿಗೆ ಕೇರಳದ ಉತ್ತರ ಕರಾವಳಿಯ ಆಚೆ ಬೆಂಕಿ ಬಿತ್ತು. ಬದುಕುಳಿದ 18 ಜನರನ್ನು ನೌಕಾಪಡೆ ಮಂಗಳೂರಿಗೆ ತಂದಿತು. ಮಂಗಳೂರು ಅನ್ನುವ ಹೆಸರು ಸುದ್ದಿಯಲ್ಲಿ ಬಂತು ನೋಡಿ, ಅಲ್ಲಿಂದ ನಮ್ಮ ಕಷ್ಟ ಶುರು.

ಪಾಂಡವಪುರದ ಕಡೆಯ ಒಂದು ಸ್ತ್ರೀಶಕ್ತಿ ಸಂಘದವರು ಪ್ರತಿ ವರ್ಷ ನಮ್ಮ ಗಾಡಿಯಲ್ಲೇ ಹೋಗುವವರು. ಅವರ ಪೈಕಿ ಲೆಕ್ಕಪತ್ರ ನೋಡುವ ಅಕ್ಕ ಫೋನ್ ಮಾಡಿದರು. "ಅಲ್ಲ ಕಣಣ್ಣ, ಸಮುದ್ರುಕ್ಕೆ ಎಣ್ಣೆ ಬಿದ್ದದಂತಲ್ಲ. ನೀರು ಮುಟ್ಟಿದ್ರೆ ಮೈ ಸುಟ್ಟೋಯ್ತದಂತೆ. ನಿಜ್ವ?"

"ಅಕ್ಕ, ಅದು ಕೊಚ್ಚಿಯಲ್ಲಿ. ನೀವು ಹೋಗ್ತಿರೋದು ಉಡುಪಿಗೆ. ನಾನೂರು ಕಿಲೋಮೀಟರ್ ಮೇಲೆ ಆಗುತ್ತೆ."

"ಸಮುದ್ರ ಒಂದೇ ಅಲ್ವ?"

ಇದಕ್ಕೆ ಏನು ಹೇಳುತ್ತೀರಿ? ಸಮುದ್ರ ಒಂದೇ, ನಿಜ. ಸುಡುತ್ತದೆ ಅನ್ನುವ ಮಾತು ಕೂಡ ಪೂರ್ತಿ ಗಾಳಿಮಾತಲ್ಲ. ಕ್ಯಾಲ್ಸಿಯಂ ಕಾರ್ಬೈಡ್‌ಗೆ ನೀರು ತಾಗಿದರೆ ಅಸಿಟಿಲೀನ್ ಅನಿಲ ಬರುತ್ತದೆ, ಅದು ಹೊತ್ತಿಕೊಳ್ಳುತ್ತದೆ. ವೆಲ್ಡಿಂಗ್ ಅಂಗಡಿಯವರನ್ನು ಕೇಳಿ, ಹೇಳುತ್ತಾರೆ. ದಡಕ್ಕೆ ಬಂದ ಕಂಟೇನರ್ ಹತ್ತಿರ ಹೋಗಬೇಡಿ, ಮುಟ್ಟಬೇಡಿ ಅಂತ ಕೇರಳ ಸರ್ಕಾರ ಹೇಳಿದ್ದು ಅದಕ್ಕೇ. ಕೊಲ್ಲಂ ತೀರದ ಕಂಟೇನರ್‌ಗೆ ಹೇಳಿದ ಎಚ್ಚರಿಕೆ ಪಾಂಡವಪುರ ಮುಟ್ಟುವ ಹೊತ್ತಿಗೆ ಮಲ್ಪೆಯ ನೀರೇ ಸುಡುತ್ತದೆ ಅಂತ ಆಗಿತ್ತು. ಅವರು ಆ ಸಲ ಮೇಲುಕೋಟೆ, ಶ್ರವಣಬೆಳಗೊಳ, ಬೇಲೂರು ನೋಡಿಕೊಂಡು ಬಂದರು. ಗಾಡಿ ನಮ್ಮದೇ, ಹಾಗಾಗಿ ನನಗೆ ದೊಡ್ಡ ನಷ್ಟ ಇಲ್ಲ. ನಷ್ಟ ಆಗಿದ್ದು ಮಲ್ಪೆಯಲ್ಲಿ ಅವರಿಗೆ ಚುರುಮುರಿ, ಕಲ್ಲಂಗಡಿ ಮಾರಬೇಕಿದ್ದವರಿಗೆ. ಅಲ್ಲಿ ಒಂದು ಹನಿ ಎಣ್ಣೆಯೂ ಬಂದಿರಲಿಲ್ಲ.

ಇನ್ನೂ ಒಂದು ವಿಚಿತ್ರ ಇದೆ. ಕೇರಳದ ದಡಕ್ಕೂ ಕಣ್ಣಿಗೆ ಕಾಣುವ ಹಾಗೆ ಬಂದದ್ದು ಎಣ್ಣೆಗಿಂತ ಹೆಚ್ಚಾಗಿ ಕಂಟೇನರ್‌ಗಳು ಮತ್ತು ಪ್ಲಾಸ್ಟಿಕ್ ಕಾಳು. ಬಕೆಟ್, ಚೀಲ, ಬಾಟಲಿ ಮಾಡುವ ಫ್ಯಾಕ್ಟರಿಗೆ ಹೋಗುವ ಕಚ್ಚಾಮಾಲು ಅದು, ನರ್ಡಲ್ ಅನ್ನುತ್ತಾರೆ. ಸಬ್ಬಕ್ಕಿ ಚೆಲ್ಲಿದ ಹಾಗೆ ಮರಳಿನ ತುಂಬ. ತಿರುವನಂತಪುರದ ಬೀಚುಗಳಲ್ಲಿ ಜನ ಕೂತು ಅದನ್ನು ಜರಡಿ ಹಿಡಿದರು. ಎಣ್ಣೆಯಾದರೂ ವರ್ಷಗಳಲ್ಲಿ ಒಡೆದು, ಬ್ಯಾಕ್ಟೀರಿಯಾ ತಿಂದು ಕಡಿಮೆಯಾಗುತ್ತದೆ. ಈ ಕಾಳು ಹಾಗಲ್ಲ. 2021ರಲ್ಲಿ ಕೊಲಂಬೊ ಹತ್ತಿರ ಎಕ್ಸ್‌ಪ್ರೆಸ್ ಪರ್ಲ್ ಹಡಗು ಸುಟ್ಟು ಮುಳುಗಿದಾಗ ಶ್ರೀಲಂಕಾದ ತೀರಕ್ಕೆ ಬಿದ್ದದ್ದೂ ಇದೇ. ಆದರೆ ಜನರ ಬಾಯಲ್ಲಿ ಉಳಿದದ್ದು "ಎಣ್ಣೆ" ಅಷ್ಟೇ. ಎಣ್ಣೆಗೆ ಹೆದರಿದಷ್ಟು ಪ್ಲಾಸ್ಟಿಕ್‌ಗೆ ನಾವು ಹೆದರುವುದಿಲ್ಲ. ಮನೆ ತುಂಬ ಅದೇ ಇದೆಯಲ್ಲ.

ನಮ್ಮ ಕರಾವಳಿಗೆ ನಿಜವಾಗಿ ಎಣ್ಣೆ ಬಂದದ್ದೂ ಉಂಟು. 2006ರ ಮೇ 30ಕ್ಕೆ ಓಷನ್ ಸೆರಾಯಾ ಅನ್ನುವ ಹಡಗು ಕಾರವಾರದ ಹತ್ತಿರ ಬಂಡೆಗೆ ಹತ್ತಿ ಒಡೆಯಿತು. ಅದರಲ್ಲಿದ್ದದ್ದು 650 ಟನ್‌ನಷ್ಟು ಇಂಧನ. ಜಿಡ್ಡು ಕಾರವಾರಕ್ಕೂ ಬಂತು, ದಕ್ಷಿಣ ಗೋವಾಕ್ಕೂ ಹೋಯಿತು. 2022ರ ಜೂನ್‌ನಲ್ಲಿ ಉಳ್ಳಾಲದ ಬಟ್ಟಪ್ಪಾಡಿ ಹತ್ತಿರ ಪ್ರಿನ್ಸೆಸ್ ಮಿರಾಲ್ ಮುಳುಗಿತು. ಅದರಲ್ಲಿದ್ದದ್ದು 8,000 ಟನ್ ಉಕ್ಕಿನ ಸುರುಳಿ ಮತ್ತು ಓಡಿಸಲು ಬೇಕಾದ ಎಣ್ಣೆ. 15 ಸಿರಿಯನ್ ನಾವಿಕರನ್ನು ಕರಾವಳಿ ಕಾವಲು ಪಡೆ ದಡ ಸೇರಿಸಿತು.

ತಾರೀಖು ಗಮನಿಸಿದಿರಾ? ಮೇ ಕೊನೆ, ಜೂನ್, ಮತ್ತೆ ಮೇ ಕೊನೆ, ಜೂನ್. ಮುಂಗಾರು ಕಡಲು ಕೆರಳುವ ಹೊತ್ತು. ಪ್ರವಾಸದ ಲೆಕ್ಕದಲ್ಲಿ ನೋಡಿದರೆ ಇದು ಒಂಥರಾ ಅದೃಷ್ಟ. ಆಗ ಹೇಗೂ ನೀರಿಗೆ ಇಳಿಯಲು ಬಿಡುವುದಿಲ್ಲ, ಕೆಂಪು ಬಾವುಟ, ಹಗ್ಗ ಕಟ್ಟಿರುತ್ತಾರೆ. ಸ್ಕೂಲು ಶುರುವಾಗಿರುತ್ತದೆ. ವಾಟರ್ ಸ್ಪೋರ್ಟ್ಸ್ ದೋಣಿಗಳು ಟಾರ್ಪಾಲು ಹೊದ್ದು ಮಲಗಿರುತ್ತವೆ. ಆದರೆ ಶುಚಿ ಮಾಡುವ ಲೆಕ್ಕದಲ್ಲಿ ಇದೇ ಕೆಟ್ಟ ಕಾಲ. ಗಾಳಿ ನೈರುತ್ಯದಿಂದ ಬೀಸುತ್ತದೆ, ತೇಲುವುದನ್ನೆಲ್ಲ ದಡಕ್ಕೇ ತಳ್ಳುತ್ತದೆ. ಎಣ್ಣೆ ಹರಡದಂತೆ ನೀರಿನ ಮೇಲೆ ಹಾಕುವ ತೇಲುಬೇಲಿ ಆ ಅಲೆಯಲ್ಲಿ ನಿಲ್ಲುವುದಿಲ್ಲ.

ಫರ್ನೇಸ್ ಆಯಿಲ್ ಪೆಟ್ರೋಲಿನ ಹಾಗೆ ಆವಿಯಾಗಿ ಹೋಗುವ ಎಣ್ಣೆಯಲ್ಲ. ಹಗುರ ಅಂಶ ಮೊದಲ ಕೆಲವು ದಿನದಲ್ಲಿ ಹೋಗುತ್ತದೆ. ಉಳಿದದ್ದು ನೀರಿನ ಜೊತೆ ಕಡೆದುಕೊಂಡು ಕಂದು ಬಣ್ಣದ ಲೋಳೆಯಾಗುತ್ತದೆ, ಗಾತ್ರವೂ ಹೆಚ್ಚುತ್ತದೆ. ಇನ್ನೂ ಹಳೆಯದಾದರೆ ಒಡೆದು ಡಾಂಬರು ಉಂಡೆ. ಮಳೆಗಾಲದ ಆಸುಪಾಸಿನಲ್ಲಿ ಗೋವಾದ ಬೀಚುಗಳಲ್ಲಿ, ನಮ್ಮ ಕರಾವಳಿಯಲ್ಲೂ, ಕಾಲಿಗೆ ಅಂಟುವ ಕರಿ ಉಂಡೆಗಳು ಇವೇ. ಅದಕ್ಕೆ ಹಡಗು ಮುಳುಗಲೇಬೇಕು ಅಂತಿಲ್ಲ. ನಡುಗಡಲಲ್ಲಿ ಟ್ಯಾಂಕ್ ತೊಳೆದು ಸುರಿದರೂ ಸಾಕು. ಹಡಗು ಮುಳುಗಿದರೆ ಟಿವಿಯಲ್ಲಿ ಬರುತ್ತದೆ, ತೊಳೆದು ಸುರಿದದ್ದು ಬರುವುದಿಲ್ಲ. ನಮ್ಮ ಗಾಡಿಗಳಲ್ಲಿ ಒಂದು ಬಾಟಲಿ ಕೊಬ್ಬರಿ ಎಣ್ಣೆ ಇಟ್ಟಿರುತ್ತೇವೆ. ಡಾಂಬರು ಅಂಟಿದರೆ ಅದನ್ನು ಹಚ್ಚಿ ಬಟ್ಟೆಯಲ್ಲಿ ಒರೆಸಿದರೆ ಬಿಡುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಹಾಕಿ ಉಜ್ಜುವವರಿದ್ದಾರೆ, ಬೇಡ, ಚರ್ಮ ಕೆಡುತ್ತದೆ. ಸೀಟಿಗೆ ಅಂಟಿದರೆ ಮಾತ್ರ ದೇವರೇ ಗತಿ.

ಎಣ್ಣೆ ಹೋದ ಮೇಲೂ ಭಯ ಹೋಗುವುದಿಲ್ಲ ಅನ್ನುವುದಕ್ಕೆ ಅಮೆರಿಕದ ಉದಾಹರಣೆ ದೊಡ್ಡದು. 2010ರ ಏಪ್ರಿಲ್ 20ಕ್ಕೆ ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಅನ್ನುವ, ಸಮುದ್ರದಲ್ಲಿ ಎಣ್ಣೆ ಬಾವಿ ಕೊರೆಯುವ ಕಟ್ಟೆ ಸ್ಫೋಟವಾಯಿತು. 11 ಜನ ಸತ್ತರು. ಬಾವಿ ಬಾಯಿ ಮುಚ್ಚಲು 87 ದಿನ ಹಿಡಿಯಿತು. ಎಣ್ಣೆ ಜಾಸ್ತಿ ಬಡಿದದ್ದು ಲೂಸಿಯಾನಾಗೆ. ಫ್ಲೋರಿಡಾದಲ್ಲಿ ವಾಯವ್ಯದ ಮೂಲೆಗೆ ಮಾತ್ರ ಬಂತು. ಆದರೆ ಫ್ಲೋರಿಡಾದ ದಕ್ಷಿಣದಲ್ಲಿ, ಎಣ್ಣೆ ಮುಖವನ್ನೇ ನೋಡದ ಬೀಚುಗಳಲ್ಲೂ ಬುಕಿಂಗ್ ರದ್ದಾದವು. ತಮಾಷೆ ಅಂದರೆ ಲೂಸಿಯಾನಾದ ಹೋಟೆಲುಗಳು ತುಂಬಿದ್ದವು. ಇದ್ದವರು ಪ್ರವಾಸಿಗರಲ್ಲ. ಶುಚಿ ಮಾಡುವ ಕೆಲಸದವರು, ಕಂಪನಿಯವರು, ಪತ್ರಕರ್ತರು. ರೂಮು ಭರ್ತಿ, ಆದರೆ ಮೀನು ಹಿಡಿಯಲು ಕರೆದುಕೊಂಡು ಹೋಗುವ ದೋಣಿಯವನಿಗೆ ಗಿರಾಕಿ ಇಲ್ಲ. ಅಂಕಿಅಂಶದಲ್ಲಿ ಪ್ರವಾಸ ಚೆನ್ನಾಗಿದೆ ಅಂತಲೇ ಕಾಣುತ್ತದೆ ನೋಡಿ.

ಆ ಬಾವಿ ಕೊರೆಸುತ್ತಿದ್ದ ಬಿಪಿ ಕಂಪನಿ ಪ್ರವಾಸದ ಜಾಹೀರಾತಿಗೆ ಅಂತ ಫ್ಲೋರಿಡಾಗೆ 2.5 ಕೋಟಿ ಡಾಲರ್, ಅಕ್ಕಪಕ್ಕದ ಮೂರು ರಾಜ್ಯಗಳಿಗೆ ತಲಾ 1.5 ಕೋಟಿ ಡಾಲರ್ ಕೊಟ್ಟಿತು. ಆಗಸ್ಟ್‌ನಲ್ಲಿ ಅಧ್ಯಕ್ಷ ಒಬಾಮಾ ಮಗಳ ಜೊತೆ ಫ್ಲೋರಿಡಾದಲ್ಲಿ ನೀರಿಗೆ ಇಳಿದರು. ಬನ್ನಿ, ಏನೂ ಆಗಲ್ಲ ಅಂತ ತೋರಿಸಲು. ಫೋಟೊ ತೆಗೆದದ್ದು ಶ್ವೇತಭವನದ ಫೋಟೊಗ್ರಾಫರ್ ಮಾತ್ರ. ಅವರು ಈಜಿದ ಜಾಗ ಬಯಲು ಸಮುದ್ರವಲ್ಲ, ಒಳಗಿನ ಒಂದು ಸಣ್ಣ ಕೊಲ್ಲಿ ಅಂತ ಜನ ಆಡಿಕೊಂಡರು. ನನಗೆ ಒಬಾಮಾ ಮೇಲೆ ಸಿಟ್ಟಿಲ್ಲ. ಆದರೆ ದೊಡ್ಡವರು ಈಜಿ ತೋರಿಸುವುದು, ಮಂತ್ರಿಗಳು ಮೀನು ತಿಂದು ತೋರಿಸುವುದು, ಇದರಿಂದ ಒಬ್ಬ ಗಿರಾಕಿ ವಾಪಸ್ ಬಂದಿದ್ದನ್ನು ನಾನು ನೋಡಿಲ್ಲ. "ಎಲ್ಲ ಸರಿ ಇದೆ" ಅಂತ ಯಾರಾದರೂ ಜೋರಾಗಿ ಹೇಳಿದರೆ ನಮ್ಮವರಿಗೆ ಅನುಮಾನವೇ ಜಾಸ್ತಿ.

ಮೈಸೂರಿಗೆ ಇದು ಹೊಸದಲ್ಲ. 2017ರ ಜನವರಿಯಲ್ಲಿ ಹಕ್ಕಿಜ್ವರ ಅಂತ ಮೃಗಾಲಯವನ್ನು ಒಂದು ತಿಂಗಳು ಮುಚ್ಚಿದರು. ಮುಚ್ಚಿದ್ದು ಸರಿ. ಆದರೆ ಸ್ಕೂಲ್ ಟ್ರಿಪ್‌ನವರು ಮೃಗಾಲಯ ಬಿಟ್ಟು ಅರಮನೆ ನೋಡಿ ಹೋಗಲಿಲ್ಲ, ಮೈಸೂರನ್ನೇ ಬಿಟ್ಟರು. 2022ರ ನವೆಂಬರ್‌ನಲ್ಲಿ ಬೃಂದಾವನದಲ್ಲಿ ಚಿರತೆ ಕಾಣಿಸಿಕೊಂಡು ವಾರಗಟ್ಟಲೆ ಗೇಟು ಹಾಕಿದಾಗಲೂ ಅಷ್ಟೇ. ಕಾವೇರಿ ಗಲಾಟೆ ಶುರುವಾದರೆ ಕೇಳುವುದೇ ಬೇಡ. ಮದ್ದೂರಿನಲ್ಲಿ ಟೈರು ಸುಟ್ಟ ಚಿತ್ರ ಬಂದರೆ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಕೊಳ್ಳುವ ಹೊರಗಿನವರು ಇರುವುದಿಲ್ಲ. ಹಾಗಾಗಿ ಮಲ್ಪೆಯವರ ಸಂಕಟ ನಮಗೆ ಅರ್ಥವಾಗಬೇಕು. ಆದರೂ ನಾವೇ ಇಲ್ಲಿ ಕೂತು "ಈ ಸಲ ಸಮುದ್ರ ಬೇಡ" ಅನ್ನುತ್ತೇವೆ. ಮೀನಿನ ವಿಷಯದಲ್ಲೂ ಹಾಗೇ ಆಯಿತು. ಬಂಗುಡೆ, ಬೂತಾಯಿ ತಿನ್ನುತ್ತಿದ್ದವರು ಕೆರೆ ಮೀನಿಗೆ ಹೊರಳಿದರು. ಮಂಡ್ಯದ ಕಡೆಯವರಿಗೆ ಮೊದಲಿಂದಲೂ ಕಟ್ಲಾ, ಜಿಲೇಬಿ ಮೀನಿನ ಮೇಲೆಯೇ ಪ್ರೀತಿ, ಅವರಿಗೆ ಒಂದು ನೆಪ ಸಿಕ್ಕಿತು ಅಷ್ಟೇ.

ನನ್ನ ಮಟ್ಟಿಗೆ ಕೆಲಸ ಮಾಡಿದ್ದು ಒಂದೇ: ಹೆಸರು ಹಿಡಿದು, ತಾರೀಖು ಹಾಕಿ ಹೇಳುವುದು. "ಕರಾವಳಿ ಸೇಫ್" ಅಂದರೆ ಯಾರೂ ನಂಬಲ್ಲ. "ಇವತ್ತು ಬೆಳಿಗ್ಗೆ ಮಲ್ಪೆ ಹೀಗಿದೆ, ಫೋಟೊ ನೋಡಿ. ಪಡುಬಿದ್ರಿ ಹೀಗಿದೆ. ಸುರತ್ಕಲ್‌ನಲ್ಲಿ ಎರಡು ಮೂರು ಡಾಂಬರು ಉಂಡೆ ಕಂಡಿದೆ, ಚಪ್ಪಲಿ ಹಾಕ್ಕೊಂಡು ಓಡಾಡಿ" ಅಂದರೆ ನಂಬುತ್ತಾರೆ. ಸುರತ್ಕಲ್‌ನ ಕೆಟ್ಟ ಸುದ್ದಿ ಹೇಳಿದ್ದಕ್ಕೇ ಮಲ್ಪೆಯ ಒಳ್ಳೆ ಸುದ್ದಿಗೆ ಬೆಲೆ. ನಾನು ಇದನ್ನು ಪರಿಚಯದ ಅಂಗಡಿಯವರು, ದೋಣಿಯವರಿಗೆ ಫೋನ್ ಮಾಡಿ, ವಾಟ್ಸ್ಯಾಪಿನಲ್ಲಿ ಫೋಟೊ ತರಿಸಿಕೊಂಡು ಮಾಡುತ್ತೇನೆ. ಆದರೆ ಇದು ಟಿಟಿ ಬುಕಿಂಗ್ ಮಾಡುವವನ ಕೆಲಸವಾ?

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆ ಎಷ್ಟು ಎತ್ತರ ಏಳುತ್ತದೆ ಅಂತ ಮುನ್ಸೂಚನೆ ಕೊಡುತ್ತದೆ. ಎಣ್ಣೆ ಚೆಲ್ಲಿದರೆ ಯಾವ ಕಡೆ ತೇಲಿ ಹೋಗುತ್ತದೆ ಅನ್ನುವುದನ್ನೂ ಲೆಕ್ಕ ಹಾಕುತ್ತದೆ. ಸಮುದ್ರದ ಮೇಲಿನ ಎಣ್ಣೆಯನ್ನು ನೋಡಿಕೊಳ್ಳುವ ಹೊಣೆ ಕರಾವಳಿ ಕಾವಲು ಪಡೆಯದು. ಪಡುಬಿದ್ರಿಗೆ, ಹೊನ್ನಾವರದ ಹತ್ತಿರದ ಕಾಸರಕೋಡಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಅನ್ನುವ, ಶುಚಿಯಾದ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ, ಅದಕ್ಕೆ ನೀರಿನ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಅಂದರೆ ಮಾಹಿತಿಗೆ ಕೊರತೆ ಇಲ್ಲ. ಅದು ಪಾಂಡವಪುರದ ಅಕ್ಕನಿಗೆ ಅರ್ಥವಾಗುವ ಹಾಗೆ, ಕನ್ನಡದಲ್ಲಿ, ಒಂದು ಬೀಚಿಗೆ ಒಂದು ಸಾಲು ಅಂತ ಬರಬೇಕು. ಪ್ರವಾಸೋದ್ಯಮದ ದೊಡ್ಡ ದೊಡ್ಡ ಫ್ಲೆಕ್ಸ್‌ಗೆ ಹಾಕುವ ಹಣದಲ್ಲಿ ಒಂದು ಚೂರು ಸಾಕು ಇದಕ್ಕೆ.

ಜನ ವಾಪಸ್ ಬರುವುದಕ್ಕೆ ಇನ್ನೊಂದು ದಾರಿಯೂ ಇದೆ, ಶುಚಿ ಮಾಡಲು ಕೈಜೋಡಿಸಿ ಬರುವುದು. ಅದು ನನಗೆ ತುಂಬ ಹಿಡಿಸಿದ್ದು. 2007ರ ಡಿಸೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ತೇಆನ್ ಹತ್ತಿರ ಹೆಬೇ ಸ್ಪಿರಿಟ್ ಟ್ಯಾಂಕರ್‌ಗೆ ಕ್ರೇನ್ ಹೊತ್ತ ಬಾರ್ಜ್ ಅನ್ನುವ ಚಪ್ಪಟೆ ತಳದ ದೋಣಿ ಗುದ್ದಿ 10,900 ಟನ್ ಕಚ್ಚಾ ಎಣ್ಣೆ ಚೆಲ್ಲಿತು. ಚಳಿಗಾಲ. ದೇಶದ ಮೂಲೆಮೂಲೆಯಿಂದ ಹನ್ನೆರಡು ಲಕ್ಷಕ್ಕೂ ಹೆಚ್ಚು ಜನ ಬಂದು ಬಂಡೆಗಳನ್ನು ಹಳೆ ಬಟ್ಟೆಯಲ್ಲಿ ಒರೆಸಿದರು. ಬಸ್ಸು ಮಾಡಿಕೊಂಡು, ಆಫೀಸಿನವರು, ಚರ್ಚಿನವರು, ಶಾಲೆ ಮಕ್ಕಳು. ಆ ದಾಖಲೆಗಳನ್ನು ಯುನೆಸ್ಕೊ 2022ರಲ್ಲಿ ಜೋಪಾನ ಮಾಡಬೇಕಾದ ದಾಖಲೆಗಳ ತನ್ನ ಏಷ್ಯಾ ಪೆಸಿಫಿಕ್ ಪಟ್ಟಿಗೆ ಸೇರಿಸಿತು.

ಇನ್ನು ಮಾರಿಷಸ್. 2020ರ ಜುಲೈ 25ಕ್ಕೆ ವಾಕಾಶಿಯೋ ಹಡಗು ಹವಳದ ದಿಬ್ಬಕ್ಕೆ ಹತ್ತಿತು, ಆಗಸ್ಟ್ ಮೊದಲ ವಾರ ಸುಮಾರು 1,000 ಟನ್ ಎಣ್ಣೆ ಸೋರಿತು. ಕೊರೋನಾ ಅಂತ ಗಡಿ ಮುಚ್ಚಿತ್ತು, ಪ್ರವಾಸಿಗರು ಮೊದಲೇ ಇರಲಿಲ್ಲ. ನೀವು ದೂರ ಇರಿ, ನಾವು ನೋಡಿಕೊಳ್ಳುತ್ತೇವೆ ಅಂತ ಸರ್ಕಾರ ಹೇಳಿತು. ಜನ ಕೇಳಲಿಲ್ಲ. ಅದು ಕಬ್ಬಿನ ದೇಶ. ಗದ್ದೆಯಿಂದ ಕಬ್ಬಿನ ತರಗು ತಂದು ಬಟ್ಟೆಯ ಚೀಲಕ್ಕೆ ತುಂಬಿ, ಉದ್ದುದ್ದ ಹೊಲಿದು, ತೇಲಲಿ ಅಂತ ಖಾಲಿ ಪ್ಲಾಸ್ಟಿಕ್ ಬಾಟಲಿ ಕಟ್ಟಿ, ಸಮುದ್ರಕ್ಕೆ ಬೇಲಿ ಹಾಕಿದರು. ತಲೆಕೂದಲನ್ನೂ ಕೊಟ್ಟರು. ಕೂದಲಿಗೆ ಎಣ್ಣೆ ಹಿಡಿಯುತ್ತದೆ, ಅದಕ್ಕೆ ವಿಜ್ಞಾನ ಬೇಡ, ನಮ್ಮ ಅಜ್ಜಿಯಂದಿರಿಗೂ ಗೊತ್ತಿತ್ತು. ಇದನ್ನು ಓದಿದಾಗ ನನಗೆ ಮೊದಲು ಹೊಳೆದದ್ದು ಮಂಡ್ಯ. ಕಟಾವು ಆದ ಮೇಲೆ ರಸ್ತೆ ಬದಿಯ ಗದ್ದೆಗಳಲ್ಲಿ ತರಗಿಗೆ ಬೆಂಕಿ ಇಡುತ್ತಾರೆ, ಹೊಗೆಯಲ್ಲಿ ನಮ್ಮ ಗಾಡಿಗಳು ಲೈಟು ಹಾಕಿಕೊಂಡು ಹೋಗಬೇಕು. ಮಹದೇಶ್ವರ ಬೆಟ್ಟದಲ್ಲಿ, ನಂಜನಗೂಡಿನಲ್ಲಿ ಮುಡಿ ಕೊಡುವವರಿಗೂ ಕಡಿಮೆ ಇಲ್ಲ. ತರಗೂ ಇಲ್ಲಿದೆ, ಕೂದಲೂ ಇಲ್ಲಿದೆ, ಗಾಡಿಯೂ ಇದೆ. ಮಂಗಳೂರಿನ ಆಚೆ ಸಮುದ್ರದಲ್ಲಿ ಕಚ್ಚಾ ಎಣ್ಣೆಯ ಹಡಗುಗಳು ದಿನವೂ ಓಡಾಡುತ್ತವೆ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಪೈಪ್‌ಲೈನ್ ಬಂದಿದೆ. ಡೀಸೆಲ್ ಸುಡುವವರು ನಾವೂ ತಾನೆ. ಮುಂದೆ ಎಂದಾದರೂ ಅಂಥದ್ದು ಆದರೆ ಒಂದು ಟಿಟಿ ತುಂಬ ತರಗು ಕಳಿಸುತ್ತೇನೆ, ಬಾಡಿಗೆ ಬೇಡ. ಕೈಗವಸು ಮಾತ್ರ ಕೊಡಿ. ಬರಿಗೈಯಲ್ಲಿ ಬಾಚುವ ಕೆಲಸ ಅಲ್ಲ ಅದು. 2017ರಲ್ಲಿ ಎಣ್ಣೂರಿನ ಹತ್ತಿರ ಎರಡು ಹಡಗು ಗುದ್ದಿಕೊಂಡಾಗ ಚೆನ್ನೈನ ಹುಡುಗರು ಬಕೆಟ್ ಹಿಡಿದು ಎಣ್ಣೆ ಬಾಚಿದ ಫೋಟೊಗಳನ್ನು ನೋಡಿದವರಿಗೆ ಇದು ಗೊತ್ತು.

ಪರಿಹಾರದ ಮಾತಿಗೆ ಬಂದರೆ ಬಡಪಾಯಿಗಳ ಹೆಸರು ಕೊನೆಗೂ ಬರುವುದಿಲ್ಲ. ಎಲ್ಸಾ 3ರ ವಿಷಯದಲ್ಲಿ ಕೇರಳ ಸರ್ಕಾರ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿ ಕೇಳಿತು. ಅದರಲ್ಲಿ ಸಿಂಹಪಾಲು ಪರಿಸರ ಹಾನಿಗೆ, ಉಳಿದದ್ದು ಸರಿಪಡಿಸುವ ಖರ್ಚಿಗೆ ಮತ್ತು ಮೀನುಗಾರರ ನಷ್ಟಕ್ಕೆ. ಮೀನುಗಾರರು ಮೊದಲು ಬರಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ.

ತೈಲ ಟ್ಯಾಂಕರ್‌ಗಳಿಂದ ಆಗುವ ಅನಾಹುತಕ್ಕೆ ಅಂತರರಾಷ್ಟ್ರೀಯ ನಿಧಿಗಳಿವೆ. ಪ್ರವಾಸದ ನಷ್ಟಕ್ಕೂ ಅಲ್ಲಿ ಹಣ ಕೇಳಬಹುದು. ಆದರೆ ನಿಯಮ ನೋಡಿ. ಪ್ರವಾಸಿಗೆ ನೇರವಾಗಿ ಮಾರುವವರು, ಅಂದರೆ ಬೀಚಿನ ಹೋಟೆಲು, ತಿಂಡಿ ಅಂಗಡಿ, ಇವರು ಕೇಳಬಹುದು. ಆ ಹೋಟೆಲಿಗೆ ಬೆಡ್‌ಶೀಟ್ ಒಗೆದು ಕೊಡುವವರು, ತರಕಾರಿ ಹಾಕುವವರು ಸಾಮಾನ್ಯವಾಗಿ ಆ ಗೆರೆಯ ಆಚೆ. ಎಣ್ಣೆ ಬಿದ್ದ ಜಾಗದಿಂದ ಎಷ್ಟು ದೂರ ಅನ್ನುವುದೂ ಲೆಕ್ಕ. ಮೈಸೂರಿನ ಟಿಟಿಯವನನ್ನು ಅವರು ಬಾಗಿಲಲ್ಲೇ ನಿಲ್ಲಿಸುತ್ತಾರೆ, ಸರಿಯೇ. ಮುಳುಗಿದ್ದು ಕಂಟೇನರ್ ಹಡಗಾದರೆ ಆ ನಿಧಿಯೂ ಇಲ್ಲ, ಹಡಗಿನ ಮಾಲೀಕ ಮತ್ತು ಅವನ ವಿಮೆ ಕಂಪನಿ, ಅದಕ್ಕೂ ಒಂದು ಮಿತಿ. ಏನೇ ಕೇಳಿದರೂ ಹಿಂದಿನ ವರ್ಷಗಳ ವ್ಯಾಪಾರ ಎಷ್ಟಿತ್ತು ಅನ್ನುವುದಕ್ಕೆ ದಾಖಲೆ ಬೇಕು.

ಇದನ್ನು ಮಲ್ಪೆಯಲ್ಲಿ ಪರಿಚಯದ ಒಬ್ಬ ಚುರುಮುರಿಯವರಿಗೆ ಹೇಳಿದೆ. ಬಿಲ್ ಬುಕ್ ಇಟ್ಟುಕೊಳ್ಳಿ ಅಂದೆ. "ಎಂತ ಮಾರಾಯ್ರೆ, ಚುರುಮುರಿಗೆ ಯಾರಾದ್ರೂ ಬಿಲ್ ಕೊಡ್ತಾರಾ?" ಅಂತ ನಕ್ಕರು. ಫೋನಿಗೆ ಬರುವ ಹಣದ ಲೆಕ್ಕ ಹೇಗೂ ಬ್ಯಾಂಕಿನಲ್ಲಿ ಇರುತ್ತದೆ, ಕೈಗೆ ಬರುವ ಹಣವನ್ನಾದರೂ ಬರೆದಿಡಿ ಅಂದೆ. ಈಗ ಮನೆಯ ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನದ ವ್ಯಾಪಾರ ಬರೆಯುತ್ತಿದ್ದಾರಂತೆ, ಮಗಳು ತಿಂಗಳ ಕೊನೆಗೆ ಅದರ ಫೋಟೊ ತೆಗೆದಿಡುತ್ತಾಳಂತೆ. ವ್ಯಾಪಾರ ಇಲ್ಲದ ದಿನದ ಚೌಕ ಖಾಲಿ ಬಿಟ್ಟಿದ್ದರು. ಸೊನ್ನೆ ಅಂತಲೇ ಬರೆಯಿರಿ, ಪಕ್ಕದಲ್ಲಿ ಕಾರಣವನ್ನೂ ಬರೆಯಿರಿ ಅಂತ ಹೇಳಿದ್ದೇನೆ.